ವಾಪಸು ಬರುವ ದಿನವೇ ವಿಮಾನ ರದ್ದಾದರೆ

ಜನವರಿಯಲ್ಲಿ ಕಂಪನಿಯ ಕೆಲಸದ ಮೇಲೆ ಹತ್ತು ದಿನ ಜರ್ಮನಿಗೆ ಹೋಗುತ್ತಿದ್ದೀರಿ, ಇದು ನಿಮ್ಮ ಮೊದಲ ವಿದೇಶ ಪ್ರಯಾಣ, ಹಿಮ ಬಿದ್ದೋ ಮುಷ್ಕರ ನಡೆದೋ ವಾಪಸು ಬರುವ ವಿಮಾನ ರದ್ದಾದರೆ ಭಾಷೆ ಬಾರದ ಊರಿನಲ್ಲಿ ಒಬ್ಬರೇ ಏನು ಮಾಡಬೇಕು ಎಂದು ಕೇಳಿದ್ದೀರಿ. ನಿಮ್ಮ ಭಯ ಅಕಾರಣವಾದದ್ದಲ್ಲ. 2023ರ ಡಿಸೆಂಬರ್ ಮೊದಲ ವಾರದಲ್ಲಿ ನಾನು ಮ್ಯೂನಿಕ್‌ನಲ್ಲಿ ಹೀಗೆಯೇ ನಾಲ್ಕು ದಿನ ಸಿಕ್ಕಿಹಾಕಿಕೊಂಡಿದ್ದೆ. ಆಗ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ವಿಮಾನ ಸಿಗುವುದು ತಡವಾದರೆ ಅಷ್ಟೇನೂ ನಷ್ಟವಿಲ್ಲ, ಆದರೆ ಆ ಗಾಬರಿಯಲ್ಲಿ ಫೋನಿನ ಮೇಲೆ ಒತ್ತುವ ಒಂದು ತಪ್ಪು ಗುಂಡಿಯಿಂದ ಮತ್ತು ವೀಸಾದ ಮೇಲೆ ಬರೆದಿರುವ ದಿನಗಳ ಸಂಖ್ಯೆಯನ್ನು ಓದದೆ ಇರುವುದರಿಂದ ನಿಜವಾದ ತೊಂದರೆ ಬರುತ್ತದೆ. ನನಗೆ ಎರಡೂ ಸ್ವಲ್ಪದರಲ್ಲಿ ತಪ್ಪಿದವು.

ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆಯ ಹೊಣೆ ಹೊತ್ತವನು. ನಾವು ಕೊಳ್ಳಲಿದ್ದ ಒಂದು ಯಂತ್ರವನ್ನು ಅಲ್ಲಿಂದ ಹೊರಡಿಸುವ ಮೊದಲು ಓಡಿಸಿ ನೋಡಿ ಒಪ್ಪಿಗೆ ಕೊಡಲು ನನ್ನನ್ನು ಕಳುಹಿಸಿದ್ದರು. ನವೆಂಬರ್ 26ರ ಭಾನುವಾರ ಇಳಿದು ಡಿಸೆಂಬರ್ 2ರ ಶನಿವಾರ ಬೆಳಿಗ್ಗೆ ಕೊಲ್ಲಿಯ ಒಂದು ನಗರದ ಮೂಲಕ ಬೆಂಗಳೂರಿಗೆ ಹೊರಡುವುದು ನಿಗದಿಯಾಗಿತ್ತು. ವಿಮಾನ ನಿಲ್ದಾಣಕ್ಕೆ ಹತ್ತಿರದ ಫ್ರೈಸಿಂಗ್ ಎಂಬ ಪಟ್ಟಣದ ಒಂದು ಗೆಸ್ಟ್‌ಹೌಸಿನಲ್ಲಿ ಉಳಿದಿದ್ದೆ. ಶುಕ್ರವಾರ ರಾತ್ರಿ ಊಟ ಮುಗಿಸಿ ಬರುವಾಗ ಹಿಮ ಬೀಳುತ್ತಿತ್ತು, ಚೆನ್ನಾಗಿದೆ ಎಂದುಕೊಂಡು ಮನೆಗೆ ವಿಡಿಯೊ ಮಾಡಿ ಕಳುಹಿಸಿದೆ. ಶನಿವಾರ ಬೆಳಗಿನ ಜಾವ ಎದ್ದು ನೋಡಿದರೆ ಅಂಗಳದಲ್ಲಿದ್ದ ಸೈಕಲ್ಲುಗಳ ಹ್ಯಾಂಡಲ್ ಮಾತ್ರ ಮೇಲೆ ಕಾಣುತ್ತಿತ್ತು. ಕಾಲು ಗಂಟೆಯ ದಾರಿಗೆ ಟ್ಯಾಕ್ಸಿ ಮುಕ್ಕಾಲು ಗಂಟೆ ತೆಗೆದುಕೊಂಡಿತು.

ನಿಲ್ದಾಣದ ಫಲಕದಲ್ಲಿ ಸಾಲು ಸಾಲಾಗಿ ಒಂದೇ ಪದವಿತ್ತು, ಅನುಲಿಯರ್ಟ್, ಎಂದರೆ ರದ್ದು. ಮೊದಲು ಮಧ್ಯಾಹ್ನದವರೆಗೆ ಎಂದರು, ಆಮೇಲೆ ಭಾನುವಾರ ಬೆಳಿಗ್ಗೆ ಆರರವರೆಗೆ ವಿಮಾನಗಳೇ ಇಲ್ಲ ಎಂದರು. ಆ ಒಂದು ದಿನಕ್ಕೆ ಅಲ್ಲಿ ಸುಮಾರು 760 ವಿಮಾನಗಳು ನಿಗದಿಯಾಗಿದ್ದವಂತೆ. ನಗರದಲ್ಲಿ ನಲವತ್ತು ಸೆಂಟಿಮೀಟರಿಗೂ ಮಿಕ್ಕಿ ಹಿಮ ಕೂತಿತ್ತು, ಮ್ಯೂನಿಕ್‌ನ ಮುಖ್ಯ ರೈಲು ನಿಲ್ದಾಣಕ್ಕೆ ರೈಲುಗಳ ಓಡಾಟ ನಿಂತಿತ್ತು. ಇಷ್ಟಾದರೂ ನಾನು ಸಂಜೆಯೊಳಗೆ ಏನಾದರೂ ಆದೀತು ಎಂದೇ ನಂಬಿದ್ದೆ. ಬಯರ್ನ್ ಮ್ಯೂನಿಕ್ ತಂಡದ ಫುಟ್‌ಬಾಲ್ ಪಂದ್ಯವನ್ನೇ ರದ್ದು ಮಾಡಿದ್ದಾರೆ ಎಂದು ಪಕ್ಕದಲ್ಲಿದ್ದವರು ಹೇಳಿದ ಮೇಲೆ, ಆ ಊರಿನವರ ಮುಖ ನೋಡಿ, ಇದು ಒಂದು ದಿನದಲ್ಲಿ ಮುಗಿಯುವ ಮಾತಲ್ಲ ಎಂದು ನನಗೆ ಅರ್ಥವಾಯಿತು.

ನಮ್ಮದು ಟ್ರಾವೆಲ್ ಡೆಸ್ಕ್ ಇರುವಂಥ ದೊಡ್ಡ ಕಂಪನಿಯಲ್ಲ, ಟಿಕೆಟನ್ನು ರಾಜಾಜಿನಗರದ ಒಬ್ಬ ಏಜೆಂಟರಿಂದ ಮಾಡಿಸಿದ್ದರು. ಚಳಿಗಾಲದಲ್ಲಿ ಅಲ್ಲಿಗೂ ನಮಗೂ ನಾಲ್ಕೂವರೆ ಗಂಟೆಯ ಅಂತರ, ಆದ್ದರಿಂದ ಅಲ್ಲಿ ಬೆಳಿಗ್ಗೆ ಏಳಾಗಿದ್ದಾಗ ಇಲ್ಲಿ ಹನ್ನೊಂದೂವರೆ, ಏಜೆಂಟರು ಫೋನಿಗೆ ಸಿಕ್ಕರು. "ಸರ್, ಚಿಂತೆ ಬೇಡ, ಫುಲ್ ರೀಫಂಡ್ ಬರುತ್ತೆ, ಅದನ್ನ ತಗೊಂಡ್ಬಿಡಿ, ನಾನು ಬೇರೆ ಟಿಕೆಟ್ ನೋಡ್ತೀನಿ" ಎಂದರು. ಅದೇ ಹೊತ್ತಿಗೆ ವಿಮಾನ ಸಂಸ್ಥೆಯಿಂದ ಬಂದ ಸಂದೇಶದಲ್ಲೂ ಎರಡು ಗುಂಡಿಗಳಿದ್ದವು: ಹಣ ವಾಪಸು ಪಡೆಯಿರಿ, ಇಲ್ಲವೇ ಬೇರೆ ವಿಮಾನ ಆರಿಸಿಕೊಳ್ಳಿ. ಎರಡನೆಯದನ್ನು ಒತ್ತಿದರೆ ಪುಟವೇ ತೆರೆಯುತ್ತಿರಲಿಲ್ಲ, ಮೊದಲನೆಯದು ಮಾತ್ರ ಬೆಣ್ಣೆಯಂತೆ ತೆರೆದುಕೊಳ್ಳುತ್ತಿತ್ತು. ಬೆರಳು ಅದರ ಮೇಲೆ ಹೋಗಿಯೇ ಇತ್ತು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ, ಅಲ್ಲಿಯೇ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುವ ಕೇರಳದ ನರ್ಸ್ ಒಬ್ಬರು ಅದನ್ನು ನೋಡಿ, ರೀಫಂಡ್ ತೆಗೆದುಕೊಂಡರೆ ಇವತ್ತಿನ ರೂಮೂ ಹೋಯಿತು, ನಾಳೆಯ ಸೀಟೂ ಹೋಯಿತು ಎಂದು ಎಚ್ಚರಿಸಿದರು.

ಅವರು ಹೇಳಿದ್ದು ಕಾನೂನಿನ ದೃಷ್ಟಿಯಿಂದ ಪೂರ್ತಿ ಸರಿ ಎಂದು ಆ ರಾತ್ರಿ ಓದಿ ತಿಳಿದುಕೊಂಡೆ. ಯುರೋಪಿಯನ್ ಒಕ್ಕೂಟದ 2004ರ 261ನೆಯ ನಿಯಮಾವಳಿ ಎಂಬುದೊಂದಿದೆ, ಅದು 2005ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ವಿಮಾನ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ, ವಿಮಾನ ಸಂಸ್ಥೆ ಯಾವ ದೇಶದ್ದೇ ಆಗಿರಲಿ, ಪ್ರಯಾಣಿಕರ ಪಾಸ್‌ಪೋರ್ಟ್ ಯಾವುದೇ ಇರಲಿ, ಅದು ಅನ್ವಯವಾಗುತ್ತದೆ. ಬೆಂಗಳೂರಿನಿಂದ ಅಲ್ಲಿಗೆ ಹೋಗುವಾಗ ಮಾತ್ರ, ಯುರೋಪಿನ ಸಂಸ್ಥೆಯ ವಿಮಾನವಾಗಿದ್ದರಷ್ಟೇ ಅದರ ರಕ್ಷಣೆ ಇರುತ್ತದೆ. ವಿಮಾನ ರದ್ದಾದಾಗ ಹಣ ವಾಪಸು ಬೇಕೋ ಬದಲಿ ವಿಮಾನ ಬೇಕೋ ಎಂಬ ಆಯ್ಕೆ ಪ್ರಯಾಣಿಕರದ್ದು. ಬದಲಿ ವಿಮಾನ ಎಂದರೆ, ಅದು ಹೊರಡುವವರೆಗೆ ಊಟ ತಿಂಡಿ, ರಾತ್ರಿ ಉಳಿಯಬೇಕಾದರೆ ಹೋಟೆಲು, ಹೋಟೆಲಿಗೂ ನಿಲ್ದಾಣಕ್ಕೂ ಓಡಾಟ, ಇವೆಲ್ಲ ವಿಮಾನ ಸಂಸ್ಥೆಯ ಹೊಣೆ. ಹಣ ವಾಪಸು ಎಂದ ಕ್ಷಣದಲ್ಲೇ ಆ ಹೊಣೆ ಮುಗಿಯುತ್ತದೆ, ಆಮೇಲೆ ಮೂರು ಪಟ್ಟು ಬೆಲೆಯ ಹೊಸ ಟಿಕೆಟ್ಟೂ ನಿಮ್ಮದೇ, ಹೋಟೆಲ್ ಬಿಲ್ಲೂ ನಿಮ್ಮದೇ. ಏಜೆಂಟರ ಮೂಲಕ ಕೊಂಡ ಟಿಕೆಟ್ಟಾದ್ದರಿಂದ ಅವರನ್ನೇ ಕೇಳಿ ಎಂದು ಕೌಂಟರಿನಲ್ಲಿ ಕೈತೊಳೆದುಕೊಳ್ಳಲು ನೋಡುತ್ತಾರೆ. ಹೊಣೆ ಇರುವುದು ವಿಮಾನ ಓಡಿಸುವ ಸಂಸ್ಥೆಯ ಮೇಲೆ, ಆದ್ದರಿಂದ ನಯವಾಗಿ, ಆದರೆ ಜಾಗ ಬಿಡದೆ, ಅಲ್ಲಿಯೇ ನಿಲ್ಲಿ.

ಹಿಮಪಾತ ಪ್ರಕೃತಿಯ ಕೆಲಸ, ಅದಕ್ಕೆ ಸಂಸ್ಥೆ ಏಕೆ ಹೋಟೆಲ್ ಕೊಡಬೇಕು ಎಂದು ನನ್ನಂತೆ ನಿಮಗೂ ಅನಿಸಬಹುದು. 2010ರ ಏಪ್ರಿಲ್‌ನಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದಾಗಿ ಯುರೋಪಿನ ಆಕಾಶವೇ ಮುಚ್ಚಿಹೋಗಿದ್ದಾಗ ಇದೇ ಪ್ರಶ್ನೆ ಎದ್ದಿತ್ತು. ಐರ್ಲೆಂಡಿನ ಒಬ್ಬ ಪ್ರಯಾಣಿಕರು ಹೂಡಿದ ಮೊಕದ್ದಮೆಯಲ್ಲಿ ಯುರೋಪಿಯನ್ ನ್ಯಾಯಾಲಯವು 2013ರ ಜನವರಿ 31ರಂದು, ಕಾರಣ ಎಷ್ಟೇ ಅಸಾಧಾರಣವಾಗಿದ್ದರೂ ಊಟ ಮತ್ತು ವಸತಿಯ ಹೊಣೆ ತಪ್ಪುವುದಿಲ್ಲ, ಅದಕ್ಕೆ ಇಷ್ಟೇ ದಿನ ಇಷ್ಟೇ ಹಣ ಎಂಬ ಮಿತಿಯೂ ಇಲ್ಲ ಎಂದು ಹೇಳಿತು. ಮಿತಿ ಇಲ್ಲ ಎಂದರೆ ಪಂಚತಾರಾ ಹೋಟೆಲಿಗೆ ಹೋಗಬಹುದೆಂದಲ್ಲ, ಖರ್ಚು ಅಗತ್ಯವಾದದ್ದೂ ಹಿತಮಿತವಾದದ್ದೂ ಆಗಿರಬೇಕು. ಅಂತರ್ಜಾಲದಲ್ಲಿ ಎಲ್ಲರೂ ಹೇಳುವ 600 ಯೂರೊ ಪರಿಹಾರ ಬೇರೆಯೇ ವಿಷಯ. ಒಕ್ಕೂಟದಿಂದ ಹೊರಗೆ 3,500 ಕಿಲೋಮೀಟರಿಗಿಂತ ದೂರ ಹೋಗುವ ವಿಮಾನ ರದ್ದಾದರೆ ಅಷ್ಟು ಹಣ ಸಿಗಬಹುದು ಎಂಬುದು ನಿಜ, ಆದರೆ ಹಿಮ, ಬಿರುಗಾಳಿಯಂಥ ಕಾರಣಗಳಿಗೆ ಅದು ಸಿಗುವುದಿಲ್ಲ. ಸಂಸ್ಥೆಯ ಸ್ವಂತ ನೌಕರರು ಸಂಬಳಕ್ಕಾಗಿ ಮುಷ್ಕರ ಹೂಡಿದರೆ ಅದನ್ನು ಅಸಾಧಾರಣ ಕಾರಣವೆಂದು ಪರಿಗಣಿಸಲಾಗದು ಎಂದು ಅದೇ ನ್ಯಾಯಾಲಯ 2021ರಲ್ಲಿ ಹೇಳಿದೆ, ನೀವು ಮುಷ್ಕರದ ಮಾತನ್ನೂ ಎತ್ತಿದ್ದರಿಂದ ಇದನ್ನು ಹೇಳಿದೆ.

ಕೌಂಟರಿನ ಸಾಲಿನಲ್ಲಿ ಮೂರು ಗಂಟೆ ನಿಂತೆ. ನಿಲ್ಲುವ ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಒಂದು ಗಂಟೆ ಕಳೆದ ಮೇಲೆ ಮಾಡಿದೆ, ಅದೆಂದರೆ ಬೆಳಿಗ್ಗೆ ಖಾಲಿ ಮಾಡಿ ಬಂದಿದ್ದ ಗೆಸ್ಟ್‌ಹೌಸಿಗೆ ಫೋನ್ ಮಾಡಿ ನನ್ನ ಕೋಣೆಯನ್ನೇ ಮತ್ತೆ ಹಿಡಿದಿಡಲು ಕೇಳಿದ್ದು. ಅದೃಷ್ಟಕ್ಕೆ ಅಲ್ಲಿಗೆ ಬರಬೇಕಾಗಿದ್ದವರೂ ಬಂದಿರಲಿಲ್ಲ. ಸುತ್ತಮುತ್ತಲಿನ ಹೋಟೆಲುಗಳು ಭರ್ತಿಯಾಗಿ, ನಿಲ್ದಾಣದಲ್ಲಿ ಮಡಿಸುವ ಮಂಚಗಳನ್ನು ಹಾಕತೊಡಗಿದ್ದರು. ನನ್ನ ಸರದಿ ಬಂದಾಗ ಕೌಂಟರಿನಾಕೆ, ನಮ್ಮ ಬಳಿ ಕೋಣೆಗಳಿಲ್ಲ, ನೀವೇ ಹುಡುಕಿಕೊಂಡಿದ್ದರೆ ಬಿಲ್ಲು ಇಟ್ಟುಕೊಂಡು ಆಮೇಲೆ ಕೇಳಿ ಎಂದರು. ವಿಮಾನ ರದ್ದಾದುದಕ್ಕೆ ಒಂದು ಲಿಖಿತ ಪತ್ರ ಕೊಡಿ ಎಂದು ಕೇಳಿ ಪಡೆದೆ. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ, ಸರ್ಕಾರಿ ಕಚೇರಿಗಳಿಗೆ ಅಲೆದ ಅಭ್ಯಾಸದಿಂದ ಕೇಳಿದ್ದೆ, ಅಷ್ಟೆ.

ಬಿಲ್ಲುಗಳ ವಿಷಯದಲ್ಲಿ ಒಂದು ಮಾತು. ಕಾರ್ಡ್ ಉಜ್ಜಿದಾಗ ಯಂತ್ರದಿಂದ ಬರುವ ಚೀಟಿ ಸಾಲದು, ಏನೇನು ತೆಗೆದುಕೊಂಡಿರಿ ಎಂದು ಬಿಡಿಬಿಡಿಯಾಗಿ ನಮೂದಿಸಿದ ಬಿಲ್ಲು ಬೇಕು, ಅಲ್ಲಿ ಅದನ್ನು ರೆಷ್ನುಂಗ್ ಎನ್ನುತ್ತಾರೆ. ಆ ಕಾಗದ ಎರಡು ತಿಂಗಳಲ್ಲಿ ಬಿಳುಚಿಕೊಳ್ಳುವುದರಿಂದ ಅಂದಂದೇ ಫೋಟೊ ತೆಗೆದಿಡಿ. ನಾನು ಕೋಣೆ, ಊಟ, ಟ್ಯಾಕ್ಸಿಯ ಬಿಲ್ಲುಗಳನ್ನು ಬೆಂಗಳೂರಿಗೆ ಬಂದ ಮೇಲೆ ಕಳುಹಿಸಿದೆ, ಹನ್ನೊಂದು ವಾರಗಳ ನಂತರ ಹಣ ಬಂತು. ಒಂದು ಬಿಯರಿನ ಬೆಲೆಯನ್ನು ಮಾತ್ರ ಕತ್ತರಿಸಿದ್ದರು. ಅದು ಮೇಜಿನಲ್ಲಿ ನನ್ನ ಜೊತೆ ಕುಳಿತವರದ್ದೆಂದು ಮನೆಯಲ್ಲಿ ಹೇಳಿದ್ದೇನೆ.

ಬದಲಿ ವಿಮಾನಕ್ಕೆ ಬರೋಣ. ಕೌಂಟರಿನಾಕೆ ಮೊದಲು ತೋರಿಸಿದ್ದು ಸೋಮವಾರ ಲಂಡನ್ ಮೂಲಕ ಹೋಗುವ ಸೀಟು. ಬೇಗ ಹೋಗಬಹುದಲ್ಲ ಎಂದು ಒಪ್ಪಿಬಿಡುತ್ತಿದ್ದೆ, ಆದರೆ ಭಾರತೀಯ ಪಾಸ್‌ಪೋರ್ಟ್ ಇರುವವರು ಲಂಡನ್ನಿನಲ್ಲಿ ನಿಲ್ದಾಣದ ಒಳಗೇ ವಿಮಾನ ಬದಲಿಸುವುದಕ್ಕೂ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು, ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವ್ಯಾಪಾರ ವೀಸಾ ಇದ್ದ ಮಾತ್ರಕ್ಕೆ ಅದರಿಂದ ವಿನಾಯಿತಿ ಇಲ್ಲ. ಅಮೆರಿಕ, ಕೆನಡಾದಂಥ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇರುವವರಿಗೆ ವಿನಾಯಿತಿಗಳುಂಟು, ನನಗೆ ಅವು ಯಾವುವೂ ಇರಲಿಲ್ಲ. ಬದಲಿ ದಾರಿ ಹುಡುಕುವ ಕಂಪ್ಯೂಟರಿಗೆ ಖಾಲಿ ಸೀಟು ಕಾಣಿಸುತ್ತದೆ, ನಿಮ್ಮ ಪಾಸ್‌ಪೋರ್ಟ್ ಕಾಣಿಸುವುದಿಲ್ಲ. ದಾರಿಯಲ್ಲಿ ಯಾವ ದೇಶದಲ್ಲಿ ಇಳಿಯಬೇಕು ಎಂಬುದನ್ನು ನೀವೇ ನೋಡಿ ಬೇಡವೆನ್ನಬೇಕು. ಕೊನೆಗೆ ಮೊದಲಿನಂತೆಯೇ ಕೊಲ್ಲಿಯ ಮೂಲಕ, ಡಿಸೆಂಬರ್ 5ರ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸೀಟು ಸಿಕ್ಕಿತು. ನಾನು ನಿಶ್ಚಿಂತೆಯಿಂದ ಗೆಸ್ಟ್‌ಹೌಸಿಗೆ ಹಿಂದಿರುಗಿದೆ.

ನಿಶ್ಚಿಂತೆ ಭಾನುವಾರ ಮಧ್ಯಾಹ್ನದವರೆಗೆ ಇತ್ತು. ಭಾನುವಾರ ಆ ದೇಶದಲ್ಲಿ ಅಂಗಡಿಗಳು ಬಾಗಿಲು ಮುಚ್ಚಿರುತ್ತವೆ, ವಿಮಾನ ನಿಲ್ದಾಣದೊಳಗಿನ ಸೂಪರ್ ಮಾರ್ಕೆಟ್ಟಿನಂಥ ಒಂದೆರಡು ಕಡೆ ಮಾತ್ರ ತೆರೆದಿರುತ್ತದೆ. ಮನೆಯಿಂದ ತಂದಿದ್ದ ಅವಲಕ್ಕಿಗೆ ಮೊಸರು ಕಲಸಿಕೊಂಡು, ತಿನ್ನುತ್ತಾ, ಬೇರೆ ಕೆಲಸವಿಲ್ಲದೆ ಪಾಸ್‌ಪೋರ್ಟಿನ ಪುಟ ತಿರುಗಿಸುತ್ತಿದ್ದೆ. ವೀಸಾದ ಮೇಲೆ ಕೊನೆಯ ದಿನಾಂಕ ಡಿಸೆಂಬರ್ 19 ಎಂದಿತ್ತು, ಎರಡು ವಾರ ಸಮಯವಿದೆ ಎಂದೇ ನಾನು ಭಾವಿಸಿದ್ದೆ. ಅದರ ಕೆಳಗೆ, ತಂಗುವ ಅವಧಿ ಎಂಬ ಅರ್ಥದ ಜರ್ಮನ್ ಶೀರ್ಷಿಕೆಯ ಪಕ್ಕದಲ್ಲಿ 09 ಎಂದು ಬರೆದಿತ್ತು. ಷೆಂಗೆನ್ ವೀಸಾ ಕೊಡುವಾಗ ನೀವು ಕೇಳಿದ ದಿನಗಳ ಜೊತೆಗೆ ಹದಿನೈದು ದಿನ ಸೇರಿಸಿ ಕೊನೆಯ ದಿನಾಂಕ ಬರೆಯುವುದು ರೂಢಿ, ಪ್ರಯಾಣ ಹಿಂದೆ ಮುಂದೆ ಆದರೆ ಅನುಕೂಲವಾಗಲಿ ಎಂದು. ಆದರೆ ಒಳಗಿರಬಹುದಾದ ದಿನಗಳು ಆ ಚಿಕ್ಕ ಅಂಕಿಯಷ್ಟೇ, ಇಳಿದ ದಿನವೂ ಹೊರಡುವ ದಿನವೂ ಆ ಲೆಕ್ಕಕ್ಕೆ ಸೇರುತ್ತವೆ. ಬೆರಳು ಮಡಿಸಿ ಎಣಿಸಿದೆ, ನವೆಂಬರ್ 26 ಒಂದು, 27 ಎರಡು, ಹೀಗೆ ಒಂಬತ್ತನೆಯದು ಡಿಸೆಂಬರ್ 4, ಸೋಮವಾರ. ನನ್ನ ವಿಮಾನ ಮಂಗಳವಾರ. ಅವಲಕ್ಕಿ ಗಂಟಲಲ್ಲಿ ನಿಂತಿತು.

ಇದು ತಮಾಷೆಯ ವಿಷಯವಲ್ಲ. ಒಂದೇ ದಿನ ಹೆಚ್ಚು ಉಳಿದರೂ ಅದು ದಾಖಲಾಗಿ ಮುಂದಿನ ವೀಸಾಕ್ಕೆ ಅಡ್ಡಬರಬಹುದು. ಈಗಂತೂ ಪ್ರವೇಶ ಮತ್ತು ನಿರ್ಗಮನವನ್ನು ಮುದ್ರೆಯ ಬದಲು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದಿದೆ, ದಿನಗಳ ಲೆಕ್ಕವನ್ನು ಅದೇ ಹಾಕುತ್ತದೆ. ಸಂಜೆಯೇ ನಿಲ್ದಾಣಕ್ಕೆ ಹೋಗಿ ಫೆಡರಲ್ ಪೊಲೀಸರನ್ನು ವಿಚಾರಿಸಿದೆ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಫ್ರೈಸಿಂಗ್‌ನ ಜಿಲ್ಲಾ ಕಚೇರಿಯ ವಿದೇಶೀಯರ ವಿಭಾಗದಲ್ಲಿರಿ, ಅವಧಿ ಮುಗಿಯುವುದರೊಳಗೆ ಅರ್ಜಿ ಕೊಟ್ಟಿರಬೇಕು ಎಂದರು. ರಾತ್ರಿಯೇ ಆ ಕಚೇರಿಗೆ ಒಂದು ಇಮೇಲ್ ಬರೆದು, ರದ್ದತಿ ಪತ್ರವನ್ನೂ ಹೊಸ ಟಿಕೆಟನ್ನೂ ಲಗತ್ತಿಸಿದೆ. ಪ್ರಯಾಣ ವಿಮೆ ಮಂಗಳವಾರದವರೆಗೆ ಮಾತ್ರ ಇತ್ತು, ಅದನ್ನೂ ಫೋನಿನಲ್ಲಿ ಒಂದು ವಾರ ಮುಂದುವರಿಸಿಕೊಂಡೆ. ವಿಮೆ ಚಾಲ್ತಿಯಲ್ಲಿರುವಾಗಲೇ ಕೇಳಿದ್ದರಿಂದ ಕೆಲಸ ಹತ್ತು ನಿಮಿಷದಲ್ಲಿ ಆಯಿತು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಮೊಣಕಾಲುದ್ದದ ಹಿಮದಲ್ಲಿ ಅಲ್ಲಿಗೆ ತಲುಪಿದೆ. ಜಿಲ್ಲಾ ಕಚೇರಿ ಇರುವುದು ಹಿಂದೊಮ್ಮೆ ಕ್ರೈಸ್ತ ಮಠವಾಗಿದ್ದ ಹಳೆಯ ಕಟ್ಟಡದಲ್ಲಿ. ಅಲ್ಲಿದ್ದ ಅಧಿಕಾರಿ ಐವತ್ತರ ಆಸುಪಾಸಿನ ಮಹಿಳೆ, ಇಂಗ್ಲಿಷ್ ಕಡಿಮೆ, ಕಾಗದಗಳು ಸರಿಯಾಗಿದ್ದರೆ ಮಾತು ಬೇಕಿಲ್ಲ ಎಂಬ ಸ್ವಭಾವ. ವಿಮೆಯ ಪತ್ರವನ್ನು ಎರಡು ಸಲ ಓದಿದರು, ರದ್ದತಿ ಪತ್ರವನ್ನು ಒಂದು ಸಲ. ನಾನು ಒಂದೇ ದಿನ ಹೆಚ್ಚು ಕೇಳಿದ್ದೆ. ಅವರು ಕಿಟಕಿಯ ಹೊರಗೆ ಒಮ್ಮೆ ನೋಡಿ, ತಲೆ ಅಲ್ಲಾಡಿಸಿ, ಕ್ಯಾಲೆಂಡರಿನಲ್ಲಿ ಭಾನುವಾರದ ಮೇಲೆ ಬೆರಳಿಟ್ಟರು. ಡಿಸೆಂಬರ್ 10ರವರೆಗೆ ಎಂದು ಹೊಸ ಸ್ಟಿಕ್ಕರ್ ಅಂಟಿಸಿಕೊಟ್ಟರು. ಶುಲ್ಕ ಕೇಳಲಿಲ್ಲ. ನಮ್ಮ ಕೈಮೀರಿದ ಕಾರಣದಿಂದ ಹೊರಡಲಾಗದಿದ್ದರೆ ವೀಸಾವನ್ನು ಶುಲ್ಕವಿಲ್ಲದೆ ವಿಸ್ತರಿಸಬೇಕು ಎಂದು ಷೆಂಗೆನ್ ವೀಸಾ ಸಂಹಿತೆಯ 33ನೆಯ ವಿಧಿ ಹೇಳುತ್ತದೆ. ಇದು ಅವರು ತೋರುವ ಕರುಣೆಯಲ್ಲ, ಆದ್ದರಿಂದ ಅಳುಕಿಲ್ಲದೆ ಕೇಳಿ, ಕೇಳುವಾಗ ನಾಲ್ಕೈದು ದಿನ ಹೆಚ್ಚಾಗಿಯೇ ಕೇಳಿ.

ಆಕೆಯ ಬೆರಳು ಸರಿಯಾದ ಜಾಗದಲ್ಲೇ ನಿಂತಿತ್ತು. ಮಂಗಳವಾರ ಬೆಳಿಗ್ಗೆ ಬಿದ್ದ ಮಳೆ ನೆಲ ಮುಟ್ಟುತ್ತಲೇ ಗಾಜಿನಂತೆ ಹೆಪ್ಪುಗಟ್ಟುವ ಜಾತಿಯದು, ಮ್ಯೂನಿಕ್ ನಿಲ್ದಾಣವನ್ನು ಮಧ್ಯಾಹ್ನದವರೆಗೆ ಮತ್ತೆ ಮುಚ್ಚಿದರು, ನನ್ನ ಹನ್ನೊಂದರ ವಿಮಾನವೂ ಹೋಯಿತು. ಈ ಬಾರಿ ನಾನು ಕೋಣೆಯಿಂದ ಕದಲಲಿಲ್ಲ. ಫೋನಿನಲ್ಲೇ ಬುಧವಾರದ ಸೀಟು ಮಾಡಿಸಿಕೊಂಡು, ರದ್ದತಿ ಪತ್ರವನ್ನು ಇಮೇಲಿನಲ್ಲಿ ತರಿಸಿಕೊಂಡು ಮಲಗಿದೆ. ಡಿಸೆಂಬರ್ 6 ಅವರ ಸಂತ ನಿಕೊಲಸನ ದಿನ, ಬೆಳಿಗ್ಗೆ ನನ್ನ ಬೂಟಿನೊಳಗೆ ಯಾರೋ ಒಂದು ಚಾಕೊಲೇಟ್ ಇಟ್ಟಿದ್ದರು. ಅಂದು ಮಧ್ಯಾಹ್ನ ಹೊರಟೆ.

ಕಚೇರಿಯ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದೆ, ಅದನ್ನು ನೀವು ಮಾಡಬೇಡಿ. ಎಲ್ಲ ಸರಿಪಡಿಸಿಕೊಂಡು ಆಮೇಲೆ ಹೇಳೋಣ ಎಂದು ಶನಿವಾರ ಸಂಜೆಯವರೆಗೆ ಮ್ಯಾನೇಜರರಿಗೆ ತಿಳಿಸಲಿಲ್ಲ. ಅಷ್ಟರಲ್ಲಿ ಏಜೆಂಟರೇ ಅವರಿಗೆ ಫೋನ್ ಮಾಡಿ ಹೊಸ ಟಿಕೆಟ್ಟಿಗೆ ಒಪ್ಪಿಗೆ ಕೇಳಿದ್ದರು, ಅದನ್ನು ತಡೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಟಿಕೆಟ್ಟಿನ ಹಣ ಕಂಪನಿಯದು, ರೀಫಂಡ್ ಬಂದರೂ ಅವರಿಗೇ ಬರುವುದು, ಆದ್ದರಿಂದ ಫಲಕದಲ್ಲಿ ರದ್ದು ಎಂದು ಕಂಡ ತಕ್ಷಣ ಎರಡು ಸಾಲು ಬರೆದು, ರೀಫಂಡ್ ಯಾರೂ ತೆಗೆದುಕೊಳ್ಳಬೇಡಿ, ನಾನು ಬದಲಿ ವಿಮಾನ ಕೇಳುತ್ತಿದ್ದೇನೆ ಎಂದು ಮ್ಯಾನೇಜರರಿಗೂ ಏಜೆಂಟರಿಗೂ ಒಟ್ಟಿಗೆ ಕಳುಹಿಸಿ. ಹೆಚ್ಚುವರಿ ದಿನಗಳ ದಿನಭತ್ಯೆ ಮತ್ತು ಫಾರೆಕ್ಸ್ ಕಾರ್ಡಿಗೆ ಹಣ ತುಂಬಿಸುವ ಮಾತನ್ನೂ ಆಗಲೇ ಎತ್ತಿ. ಸೋಮವಾರ ಮಧ್ಯಾಹ್ನ ನಾನು ಮತ್ತೆ ಕಾರ್ಖಾನೆಗೆ ಹೋಗಿ, ಅವಸರದಲ್ಲಿ ಬಿಟ್ಟಿದ್ದ ಒಂದು ಪರೀಕ್ಷೆಯನ್ನು ಮುಗಿಸಿ ವರದಿ ಕಳುಹಿಸಿದೆ. ನಾಲ್ಕು ದಿನಗಳ ಬಗ್ಗೆ ಆಮೇಲೆ ಯಾರೂ ಪ್ರಶ್ನೆ ಎತ್ತಲಿಲ್ಲ.

ದಾರಿಯಲ್ಲಿ ಬರುವ ಕೊಲ್ಲಿಯ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದರೆ ಮಾತ್ರ ಕಥೆ ಬೇರೆ. 2024ರ ಏಪ್ರಿಲ್ 16ರಂದು ದುಬೈಯಲ್ಲಿ, 1949ರಲ್ಲಿ ದಾಖಲೆ ಇಡತೊಡಗಿದಂದಿನಿಂದ ಕಂಡಿರದಂಥ ಮಳೆ ಬಂದಾಗ ನಮ್ಮ ಪಕ್ಕದ ಕಾರ್ಖಾನೆಯವರೊಬ್ಬರು ಅಲ್ಲಿನ ನಿಲ್ದಾಣದ ಒಳಗೆ ಎರಡು ರಾತ್ರಿ ಕಳೆದರು. ಅಲ್ಲಿನ ವೀಸಾ ಇಲ್ಲದೆ ಹೊರಗೆ ಹೋಗುವಂತಿಲ್ಲ, ಚೆಕ್-ಇನ್ ಮಾಡಿದ ಬ್ಯಾಗು ಕೈಗೆ ಸಿಗುವುದಿಲ್ಲ, ಅವರ ಬಿಪಿ ಮಾತ್ರೆಗಳು ಆ ಬ್ಯಾಗಿನಲ್ಲಿದ್ದವು. ಯುರೋಪಿನಿಂದ ಹೊರಟು ಬೆಂಗಳೂರಿನವರೆಗೆ ಒಂದೇ ಬುಕಿಂಗ್ ಇದ್ದರೆ, ನಡುವೆ ಒಕ್ಕೂಟದ ಹೊರಗೆ ವಿಮಾನ ಬದಲಿಸಿದರೂ ಅದನ್ನು ಒಂದೇ ಪ್ರಯಾಣವೆಂದು ನೋಡಬೇಕು ಎಂದು ಯುರೋಪಿಯನ್ ನ್ಯಾಯಾಲಯ 2018ರಲ್ಲಿ ಹೇಳಿದೆ, ಎಂದರೆ ನಡುವಿನ ನಿಲ್ದಾಣದಲ್ಲೂ ಆ 261ನೆಯ ನಿಯಮಾವಳಿ ಅನ್ವಯವಾಗುತ್ತದೆ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದರೆ ನಾಲ್ಕು ಸಾವಿರ ಉಳಿಯುತ್ತದೆ ಎಂದು ನಿಮ್ಮ ಏಜೆಂಟರು ಹೇಳಿದರೆ, ಇದೇ ಕಾರಣಕ್ಕೆ ಒಪ್ಪಬೇಡಿ, ಇಡೀ ಪ್ರಯಾಣಕ್ಕೆ ಒಂದೇ ಪಿಎನ್‌ಆರ್, ಎಂದರೆ ಒಂದೇ ಬುಕಿಂಗ್ ಸಂಖ್ಯೆ ಇರಲಿ.

ಇನ್ನು ನಿಮ್ಮ ಜನವರಿಯ ಪ್ರಯಾಣ. ಹತ್ತು ದಿನದ ಕೆಲಸವೆಂದಿದ್ದೀರಿ. ವೀಸಾ ಅರ್ಜಿಯಲ್ಲಿ ಮತ್ತು ಕಂಪನಿಯ ಪತ್ರದಲ್ಲಿ ಎರಡು ದಿನ ಹೆಚ್ಚು ತೋರಿಸಲು ಈಗಲೇ ಕೇಳಿಕೊಳ್ಳಿ, ವಿಮೆಯನ್ನು ಒಂದು ವಾರ ಹೆಚ್ಚಿಗೆ ಮಾಡಿಸಿ, ಮಾತ್ರೆ ಮತ್ತು ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆ ವಿಮಾನ ರದ್ದಾಗಿ ಹೊರಗೆ ಬರಬೇಕಾದರೆ, ಗಡಿ ಪೊಲೀಸರನ್ನು ಕಂಡು ನಿಮ್ಮ ನಿರ್ಗಮನವನ್ನು ರದ್ದುಪಡಿಸಿಕೊಳ್ಳದೆ ಬರಬೇಡಿ, ಒಂದೇ ಪ್ರವೇಶದ ವೀಸಾ ಇದ್ದರೆ ಇದು ಇನ್ನೂ ಮುಖ್ಯ. ಪಾಸ್‌ಪೋರ್ಟ್ ವೀಸಾ ಕೇಂದ್ರದಿಂದ ಕೈಗೆ ಬಂದಾಗ ಮೊದಲು ಹೆಸರಿನ ಕಾಗುಣಿತ ನೋಡುತ್ತೀರಿ, ಎಲ್ಲರೂ ಅದನ್ನೇ ನೋಡುತ್ತಾರೆ. ಅದರ ಜೊತೆಗೆ ಆ ಚಿಕ್ಕ ಅಂಕಿಯನ್ನೂ ನೋಡಿ, ಇಳಿಯುವ ದಿನದಿಂದ ಎಣಿಸಿ, ನಿಮ್ಮ ಕೊನೆಯ ದಿನ ಯಾವ ವಾರ ಬರುತ್ತದೆ ಎಂದು ಟಿಕೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಅದು ಶನಿವಾರವೋ ಭಾನುವಾರವೋ ಆಗಿದ್ದರೆ, ಕಚೇರಿ ತೆರೆದಿರುವ ಶುಕ್ರವಾರವನ್ನೇ ಕೊನೆಯ ದಿನವೆಂದು ಬರೆದುಕೊಳ್ಳಿ.